ಎದುರು ಗೋಡೆಯ ಚಿತ್ರ

ರೀ,

ವಿಶ್ವವಿದ್ಯಾಲಯಕ್ಕೆ ಹೊರಟೆ, ಚಿತ್ರಗಳನ್ನು ತೂಗುಹಾಕಬೇಕು. ಪ್ರದರ್ಶನ ಸಂಜೆ ಐದಕ್ಕೆ ಶುರು. ನಾಳೆ ಅಲ್ಲೇ ನಾಟಕ, ಭಾನುವಾರ ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಸಂಗೀತ. ಅವೆರಡಕ್ಕೂ ಬೇಕಾದರೆ ಮಂಡಿನೋವಿನ ನೆಪ ಹೇಳಿ, ಇವತ್ತು ಮಾತ್ರ ನಡೆಯುವುದಿಲ್ಲ.

ಇಸ್ತ್ರಿ ಮಾಡಿದ ನೀಲಿ ಅಂಗಿ ಕುರ್ಚಿಯ ಮೇಲಿದೆ. ಮೊಣಕೈ ಹರಿದದ್ದನ್ನು ಹಾಕಿಕೊಂಡು ಬಂದರೆ ಗುರುತೇ ಇಲ್ಲದವಳ ಹಾಗೆ ಇದ್ದುಬಿಡುತ್ತೇನೆ.

ಪ್ರದರ್ಶನದೊಳಗೆ ಬಂದ ಕೂಡಲೇ ಎದುರು ಗೋಡೆ ನೋಡಿ ಗಾಬರಿಯಾಗಬೇಡಿ. ಎದೆ ಮೇಲೆ ಪೇಪರ್ ಹೊದ್ದು, ಬಾಯಿ ತೆರೆದು ಗೊರಕೆ ಹೊಡೆಯುತ್ತಿರುವುದು ನೀವೇ. ಕೇಳಿದ್ದರೆ ಬೇಡ ಅನ್ನುತ್ತಿದ್ದಿರಿ, ಅದಕ್ಕೇ ಕೇಳಲಿಲ್ಲ.

ನನ್ನ ಚಿತ್ರಗಳನ್ನು ಹೊರಗಿನವರು ನೋಡುವುದು ಇದೇ ಮೊದಲು. ಬೇಗ ಬನ್ನಿ.

ನಿನ್ನೆ ಚಿತ್ರಗಳನ್ನು ಅಲ್ಲಿ ಇಳಿಸುವಾಗ ಮೇಷ್ಟ್ರೊಬ್ಬರು ನಿಮ್ಮ ಚಿತ್ರ ನೋಡಿ, "ಇದನ್ನು ನಮ್ಮ ವಿಭಾಗಕ್ಕೆ ಕೊಡ್ತೀರಾ?" ಅಂದರು. "ಉಳಿದದ್ದು ಯಾವುದಾದ್ರೂ ತಗೊಳ್ಳಿ ಸಾರ್, ಇವರು ಮಾತ್ರ ಮನೆಗೆ ವಾಪಸ್ ಬರ್ಬೇಕು" ಅಂದೆ.