ಟೇಪಿನಲ್ಲಿಟ್ಟ ನಿನ್ನ ಸೇತುವೆಗಳು

ಪೆನ್ಸಿಲ್ ಮಗಳೇ,

ಈ ಭೂಮಿಯ ಮೇಲಿನ ಕಂಪ್ಯೂಟರುಗಳೆಲ್ಲ ನಿನ್ನ ಮಾವನ ಅಪ್ಪಣೆ ಕೇಳಿಯೇ ಉಸಿರಾಡುತ್ತವೆ. ಆದರೆ ನಿನ್ನೆ ನಮ್ಮ ಕಚೇರಿಯ ಸರ್ವರ್ ಕೇಳದೆಯೇ ಸತ್ತಿತು.

ಅದರಲ್ಲಿದ್ದುದರ ನಕಲು ಇಟ್ಟ ಬ್ಯಾಕಪ್ ಟೇಪುಗಳನ್ನು ಒಂದೊಂದಾಗಿ ಹಾಕಿದೆ. ಯಂತ್ರ ಒಂದನ್ನೂ ಓದಲಿಲ್ಲ. ತಿಂಗಳು ತಿಂಗಳೂ ಓದಿಸಿ ನೋಡದೆ, ‘ಪರೀಕ್ಷಿಸಿದೆ’ ಎಂದು ರುಜು ಹಾಕಿದವನು ನಾನೇ.

ಇದೇ ಕಚೇರಿಯ ಕಂಪ್ಯೂಟರಿನಲ್ಲಿ ಸೇತುವೆಗಳ ನಕ್ಷೆ ಬರೆಯುತ್ತಿದ್ದಾಗ ನೀನು ಕೇಳಿದ್ದೆ: “ಮಾವ, ಮನೇಲೂ ಒಂದೊಂದು ಕಾಪಿ ಇಟ್ಕೊಳ್ಳಲಾ?”

“ನಿನ್ನ ಮಾವ ಬದುಕಿರೋವಾಗ ಕಾಪಿ ಯಾಕೇ, ತರಲೆ?” ಎಂದಿದ್ದೆ. ನೀನು ನಕ್ಕೆ, ಕಾಪಿ ಇಟ್ಟುಕೊಳ್ಳಲಿಲ್ಲ.

ನೀನು ಇಲ್ಲವಾಗಿ ವರ್ಷವಾಯಿತು. ಗೋಡೆಗೆ ಹಾಕಲು ನಿನ್ನಮ್ಮ ಇವತ್ತು ಆ ನಕ್ಷೆಗಳನ್ನು ಕೇಳಿದಳು. “ಹತ್ತೋ ಹನ್ನೆರಡೋ ಹಾಳಾಗಿವೆ ಅಕ್ಕ, ಉಳಿದದ್ದು ತರ್ತೀನಿ” ಎಂದೆ.

ಹೋದದ್ದು ಇನ್ನೂರ ಹದಿನಾಲ್ಕು. ನೀನು ಬರೆದದ್ದೂ ಅಷ್ಟೇ.