ಉರ್ದು ಕಾರ್ಯಕ್ರಮದಲ್ಲಿ ಒಂದು ಹೆಸರು

ನಿಂಬರ್ಗಾ, ಆಳಂದ ತಾಲೂಕು

ಆಕಾಶವಾಣಿಯ ಉರ್ದು ಕಾರ್ಯಕ್ರಮ ನಡೆಸಿಕೊಡುವ ಅಕ್ಕನವರಿಗೆ ಶರಣು.

ಕೋರಿಕೆಯ ಹಾಡಿಗೆ ಪ್ರತಿ ವಾರ ನಮ್ಮೂರಿನಿಂದ ಪತ್ರ ಬರೆಯುವ ರುಬೀನಾ ನಮ್ಮ ಪಕ್ಕದ ಮನೆಯ ಹುಡುಗಿ. ತನ್ನ ಹೆಸರಿನ ಜೊತೆಗೆ ಗೆಳತಿ ಸೃಷ್ಟಿಯ ಹೆಸರನ್ನೂ ಬರೆಯುತ್ತಾಳೆ. ಸೃಷ್ಟಿ ನನ್ನ ಮಗಳು. ಶ್ರಾವಣದಲ್ಲಿ ಜ್ವರ ಬಂದು ತೀರಿಕೊಂಡಳು. ಆ ಸುದ್ದಿಯನ್ನು ಈ ಸಲದ ಪತ್ರದಲ್ಲಿ ರುಬೀನಾಳೇ ನಿಮಗೆ ತಿಳಿಸಿದಳಂತೆ. ಆದರೂ ಗೆಳತಿಯ ಹೆಸರು ಬರೆಯುವುದನ್ನು ಅವಳು ಬಿಟ್ಟಿಲ್ಲ.

ಈ ಭಾನುವಾರ ನೀವು ರುಬೀನಾಳ ಹೆಸರನ್ನಷ್ಟೇ ಓದಿದಿರಿ. ನಮಗೆ ನೋವಾಗದಿರಲಿ ಎಂದು ಇನ್ನೊಂದನ್ನು ಬಿಟ್ಟಿರಿ, ಗೊತ್ತು. ಆದರೆ ನನ್ನ ಹೆಂಡತಿ ಶಾರದಾಬಾಯಿ ರೇಡಿಯೊ ಮುಂದಿನಿಂದ ಏಳಲೇ ಇಲ್ಲ. ಮರಾಠಿ ಹಾಡುಗಳು ಶುರುವಾದಾಗ ನಾನು ರೇಡಿಯೊ ಆರಿಸಲು ಹೋದೆ. ನನ್ನ ಕೈ ಹಿಡಿದುಕೊಂಡಳು.

"ಬಂದ್ ಮಾಡಬ್ಯಾಡ್ರಿ. ಅಕ್ಕಾರು ಮರ್ತಾರ, ಈಗ ಹೇಳ್ತಾರ."

ಸಂಜೆಯ ಕನ್ನಡ ವಾರ್ತೆ ಮುಗಿಯುವವರೆಗೂ ಹಾಗೇ ಕೂತಿದ್ದಳು.

ದಯವಿಟ್ಟು ಮುಂದಿನ ವಾರದಿಂದ ರುಬೀನಾ ಬರೆದಂತೆಯೇ ಓದಿರಿ. ಶಾರದಾಬಾಯಿಗೆ ಉರ್ದು ಬರುವುದಿಲ್ಲ. ನೀವು ಅಷ್ಟು ಹೊತ್ತು ಆಡುವ ಮಾತಿನಲ್ಲಿ ಅವಳಿಗೆ ತಿಳಿಯುವುದು ಮಗಳ ಹೆಸರೊಂದೇ.

ಇಂತಿ,
ಶಿವರಾಯ
ಸೃಷ್ಟಿಯ ತಂದೆ