ಕರ್ಬೂಜದ ಡಬ್ಬಿ

ಮಲ್ಲತ್ತಹಳ್ಳಿ, ಸೋಮವಾರ
೧೭-೪-೨೦೦೬

ಬೋರಮ್ಮ ಆಂಟಿ,

ನೀವು ಹಾಲು ತರಲು ಹೋಗಿದ್ದಾಗ ಅತ್ತೆಯವರ ಸ್ಟೀಲ್ ಡಬ್ಬಿಯನ್ನು ನಿಮ್ಮ ಫ್ರೀಜರಿನಲ್ಲಿಟ್ಟು ಕೆಲಸಕ್ಕೆ ಹೊರಟೆ. ಕರ್ಬೂಜ ರುಬ್ಬಿ ಜೇನುತುಪ್ಪ ಬೆರೆಸಿದ್ದೇನೆ, ಅಷ್ಟೇ. ಗಂಟೆಗೊಮ್ಮೆ ಫೋರ್ಕಿನಿಂದ ಕೆರೆದುಬಿಡಿ, ಇಲ್ಲದಿದ್ದರೆ ಕಲ್ಲಾಗುತ್ತದೆ. ಆಸ್ಪತ್ರೆಯಲ್ಲಿ ಗಂಟಲಿನ ಗಡ್ಡೆಗೆ ಕರೆಂಟು, ಅದೇ ರೇಡಿಯೇಷನ್, ಕೊಟ್ಟಾಗಿನಿಂದ ಅವರ ಬಾಯೆಲ್ಲ ಹುಣ್ಣು, ಒಳಗೆ ಇಳಿಯುವುದು ಈ ತಣ್ಣನೆಯ ಹಣ್ಣೊಂದೇ.

ಮೊದಲ ದಿನ "ಕೋಳಿ ಇಡೋ ಪೆಟ್ಟಿಗ್ಯಾಗಿಂದು ನಾ ಒಲ್ಲೆ" ಎಂದು ಡಬ್ಬಿ ತಳ್ಳಿದ್ದರು. ಅದು ಕೆಳಗೆ ನಿಮಗೂ ಕೇಳಿಸಿರಬೇಕು. ಮರುದಿನ ನೋಡಿದರೆ ಫ್ರೀಜರು ಖಾಲಿ, ಒಳಗೆಲ್ಲ ಸೋಪಿನ ವಾಸನೆ. ಅದನ್ನು ಅತ್ತೆಗೆ ಹೇಳಿಬಿಟ್ಟೆ.

ಇದಕ್ಕೆ ಮೂರು ವಾರವಾಯಿತು. ನಿನ್ನೆ ಭಾನುವಾರ ಅವರು ಅರ್ಧ ಡಬ್ಬಿ ಮುಗಿಸಿ, "ಆ ಬೋರಮ್ಮಗ ಹೇಳು, ಕೋಳಿ ಒಂದು ಮೂಲ್ಯಾಗ ಇಟ್ಕೊಳ್ಳಲಿ. ಪಾಪ, ನನ್ನ ಸಲುವಾಗಿ ಅಕಿಗ್ಯಾಕ ಉಪವಾಸ?" ಎಂದರು. ಇಷ್ಟುದ್ದ ಮಾತಾಡಿದ್ದು ಎಷ್ಟು ದಿನದ ಮೇಲೋ!

ಮಧ್ಯಾಹ್ನ ಡಬ್ಬಿ ಮೇಲೆ ತರುವಾಗ ಎರಡು ಚಮಚ ತನ್ನಿ. ನೀವು ಜೊತೆಗೆ ಕೂತು ತಿನ್ನದಿದ್ದರೆ ಅವರು ಒಲ್ಲರಂತೆ.

ಮೇಲಿನ ಮನೆಯ
ಕಲಾವತಿ